ರುದ್ರನಿಗೆ ಮಣ್ಣು ಕೊಡಿ

ಕಡೂರು ಸ್ಟೇಷನ್

ನನ್ನನ್ನು ಕಳಿಸಿಕೊಡಲು ಕಡೂರು ಸ್ಟೇಷನ್ನಿಗೆ ಹದಿನಾಲ್ಕು ಜನ ಬಂದಿದ್ದರು. ಅವರಲ್ಲಿ ಅರ್ಧ ಜನರ ಲೆಕ್ಕದಲ್ಲಿ ನಾನು ಹೋಗುತ್ತಿದ್ದದ್ದು ಲಂಡನ್ನಿಗೆ, ಉಳಿದರ್ಧ ಜನರ ಲೆಕ್ಕದಲ್ಲಿ ಅಮೆರಿಕಕ್ಕೆ. ವೇಲ್ಸ್ ಎಂಬುದೊಂದು ನಾಡಿದೆ ಎಂದು ನನಗೇ ಸರಿಯಾಗಿ ಗೊತ್ತಾದದ್ದು ಟಿಕೆಟ್ಟು ಕೈಗೆ ಬಂದ ಮೇಲೆ. ನಾನು ತರೀಕೆರೆಯ ಹೈಸ್ಕೂಲೊಂದರಲ್ಲಿ ಕ್ರಾಫ್ಟ್ ಮೇಷ್ಟ್ರು. ರಟ್ಟು, ಅಂಟು, ಗರಗಸ, ಮಕ್ಕಳು ಬರೆದ ಆನೆಯ ಸೊಂಡಿಲು ತಿದ್ದುವುದು, ಇಷ್ಟರಲ್ಲೇ ಹದಿನೆಂಟು ವರ್ಷ ಸವೆಸಿದವನು. ಯಾವುದೋ ಕ್ಲಬ್ಬಿನವರು ಐದು ಜನ ಮೇಷ್ಟ್ರುಗಳನ್ನು ಎರಡು ತಿಂಗಳ ಮಟ್ಟಿಗೆ ವಿದೇಶಕ್ಕೆ ಕಳಿಸುತ್ತಾರೆ ಎಂದು ಹೆಡ್‌ಮಾಸ್ತರು ಹೇಳಿದಾಗ ತಮಾಷೆಗೆ ಅರ್ಜಿ ಹಾಕಿದ್ದೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಕಡೆ ವಿಮಾನ ಹತ್ತಿದವರನ್ನು ಬೆರಳಲ್ಲಿ ಎಣಿಸಬಹುದಿತ್ತು.

ಅವ್ವ ಅಜ್ಜಂಪುರದಿಂದ ಬಸ್ಸಿನಲ್ಲಿ ಬಂದಿದ್ದಳು. ಹುರಿಹಿಟ್ಟಿನ ಡಬ್ಬಿ, ಚಟ್ನಿಪುಡಿ, ಒಂದು ವಿಭೂತಿ ಗಟ್ಟಿ ನನ್ನ ಚೀಲಕ್ಕೆ ತುರುಕಿದಳು. ಆಮೇಲೆ ದೊಡ್ಡಪ್ಪ ನನ್ನ ಹೆಗಲ ಮೇಲೆ ಕೈ ಹಾಕಿ ಪ್ಲಾಟ್‌ಫಾರ್ಮಿನ ತುದಿಗೆ ಕರೆದುಕೊಂಡು ಹೋದರು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಕೊಬ್ಬರಿ ವ್ಯಾಪಾರವೂ ಅವರದೇ, ಕೊನೆಯ ಮಾತೂ ಅವರದೇ.

"ದೀಪಾವಳಿ ಹೊತ್ಗೆ ನೀನು ಬಂದ್ಬಿಡ್ತೀಯ. ಹಬ್ಬ ಮುಗಿದ ಮಾರನೇ ದಿನ ಇಬ್ರೂ ಹೋಗಿ ಅವನ್ನ ಗದ್ದಿಗೇಲಿ ಬಿಟ್ಟು ಬರೋಣ. ಮಾತು ಕೊಟ್ಟಿದೀಯ, ಮರೀಬ್ಯಾಡ ಕಣೋ."

"ಆಯ್ತು ದೊಡ್ಡಪ್ಪ" ಅಂದೆ.

ಅವನು ಎಂದರೆ ನನ್ನ ತಮ್ಮ ರುದ್ರೇಶ, ನಮ್ಮೆಲ್ಲರ ಬಾಯಲ್ಲಿ ರುದ್ರ. ಕಾಲೇಜಿನ ಎರಡನೇ ವರ್ಷದಲ್ಲಿದ್ದಾಗ ಅವನಿಗೆ ಯಾರಿಗೂ ಕೇಳದ ಮಾತುಗಳು ಕೇಳತೊಡಗಿದವು. ಮಠಕ್ಕೆ ಹೋಗಿ ಬಂದೆವು, ತಾಯತ ಕಟ್ಟಿಸಿದೆವು, ಕೊನೆಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರು ಚೀಟಿಯಲ್ಲಿ 'ಸ್ಕಿಜೋಫ್ರೇನಿಯಾ' ಎಂದು ಬರೆದು ಮಾತ್ರೆ ಕೊಟ್ಟರು. ಮಾತ್ರೆಯಿಂದ ಕೂಗಾಟ ನಿಂತಿತು, ರುದ್ರನೂ ನಿಂತುಹೋದ. ಎಂಟು ವರ್ಷದಿಂದ ಅಜ್ಜಂಪುರದ ಮನೆಯ ಹಿಂದಿನ ಕೋಣೆಯೇ ಅವನ ಪ್ರಪಂಚ. ದೊಡ್ಡಪ್ಪ ಹೇಳಿದ ಗದ್ದಿಗೆ ದೂರದ ಬಯಲುಸೀಮೆಯಲ್ಲಿತ್ತು. ಇಂಥವರನ್ನು ಅಲ್ಲಿ ಕಂಬಕ್ಕೆ ಕಟ್ಟಿ ಇಟ್ಟುಕೊಳ್ಳುತ್ತಾರೆ, ವಾಸಿಯಾದವರು ವಾಪಸು ಬರುತ್ತಾರೆ ಎಂಬ ಮಾತಿತ್ತು. ವಾಪಸು ಬಂದವರನ್ನು ನಾವು ಯಾರೂ ನೋಡಿರಲಿಲ್ಲ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕ್ಲಬ್ಬಿನ ಅರ್ಜಿಯಲ್ಲಿ 'ಒಡಹುಟ್ಟಿದವರು' ಎಂಬ ಕಡೆ ನಾನು 'ಇಲ್ಲ' ಎಂದು ಬರೆದಿದ್ದೆ.

ವೇಲ್ಸ್, ಮೊದಲ ದಿನ

ವಿಮಾನ ನಿಲ್ದಾಣದಲ್ಲಿ ವಿಭೂತಿ ಗಟ್ಟಿಯನ್ನು ಹಿಡಿದುಕೊಂಡು ಒಬ್ಬ ಅಧಿಕಾರಿ ಇದೇನು ಎಂದು ಕೇಳಿದ. ಬೂದಿ ಎಂದೆ. ಯಾರದು ಎಂದು ಕೇಳಿದ! ಹಸುವಿನದು ಎಂದೆ. ಅವನ ಮುಖ ನೋಡಿ ನನ್ನ ಇಂಗ್ಲಿಷಿನ ಮೇಲೆ ನನಗೇ ನಂಬಿಕೆ ಹೋಯಿತು. ಕೊನೆಗೆ ಮೂರು ಬೆರಳಲ್ಲಿ ತೀಡಿ ಹಣೆಗೆ ಹಚ್ಚಿಕೊಂಡು ತೋರಿಸಿದೆ. ಆತ ಕೈಮುಗಿಯುವುದೊಂದು ಬಾಕಿ, ಬಿಟ್ಟುಬಿಟ್ಟ.

ನನ್ನನ್ನು ಇಳಿಸಿದ್ದು ಗ್ವೆನ್ ಎಂಬ ವಿಧವೆಯ ಮನೆಯಲ್ಲಿ. ಆಕೆಯ ಗಂಡ ಕಲ್ಲಿದ್ದಲು ಗಣಿಯಲ್ಲಿ ದುಡಿದು ತೀರಿಕೊಂಡವನು. ಬೆಟ್ಟದ ಬುಡದ ಪುಟ್ಟ ಊರು. ಸುತ್ತ ಎಲ್ಲಿ ನೋಡಿದರೂ ಕುರಿ. ನಮ್ಮೂರ ಪಕ್ಕದ ಯಗಟಿ ಕಡೆಯ ಕುರಿ ನೋಡಿ ಬೆಳೆದ ನನಗೆ ಈ ಕುರಿಗಳನ್ನು ನೋಡಿದರೆ ಸಂಕಟವಾಗುತ್ತಿತ್ತು. ಕಂಬಳಿ ಹೊದ್ದು ಕಾಯುವವನೇ ಇಲ್ಲ! ಮಳೆಯಲ್ಲಿ ತಾವೇ ನೆನೆಯುತ್ತವೆ, ತಾವೇ ಒಣಗುತ್ತವೆ. ಊರಿನವರೂ ಹಾಗೆಯೇ, ಕೊಡೆ ಹಿಡಿಯುವುದಿಲ್ಲ.

ಮೊದಲ ದಿನ ಊಟಕ್ಕೆ ಕೂತಿದ್ದೆ. ಗ್ವೆನ್ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿ "ಬಾರಾ?" ಅಂದಳು. ಇಷ್ಟು ದೂರ ಬಂದು ನಮ್ಮೂರ ಮಾತು ಕೇಳಿದ್ದಕ್ಕೆ ಮೈ ಜುಮ್ಮೆಂದಿತು. ಎದ್ದು ಹೋದೆ. ಆಕೆ ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ "ಬಾರಾ?" ಅಂದಳು. ಇನ್ನೂ ಹತ್ತಿರ ಹೋದೆ. ಮೂರನೇ ಸಲ ಆಕೆಯ ಬೆನ್ನು ಒಲೆಗೆ ತಾಗಿತು, ಕೈಯಲ್ಲಿದ್ದ ತಟ್ಟೆಯನ್ನು ಗುರಾಣಿಯ ಹಾಗೆ ಮುಂದೆ ಹಿಡಿದಳು. ತಟ್ಟೆಯಲ್ಲಿ ಬ್ರೆಡ್ಡು ಇತ್ತು. ಅವರ ಭಾಷೆಯಲ್ಲಿ ಬ್ರೆಡ್ಡಿಗೆ 'ಬಾರಾ' ಎನ್ನುತ್ತಾರಂತೆ. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ ಹಬ್ಬಿ, ನಾನು ಹೋದಲ್ಲೆಲ್ಲ ಜನ ಬಾರಾ ಬಾರಾ ಎಂದು ನಗತೊಡಗಿದರು. ನಾನೂ ನಕ್ಕೆ. ಒಂದು ಮಾತಿಗೆ ಎರಡು ಅರ್ಥವಿದ್ದರೆ ಏನೇನು ಅನಾಹುತವಾಗುತ್ತದೆ ಎಂಬ ಪಾಠ ಅಲ್ಲಿಗೇ ಕಲಿಯಬೇಕಿತ್ತು, ಕಲಿಯಲಿಲ್ಲ.

ಮಣ್ಣಿನ ಶೆಡ್ಡು

ನಮ್ಮ ತಂಡದ ಉಳಿದ ನಾಲ್ವರನ್ನು ನಾಲ್ಕು ಶಾಲೆಗಳಿಗೆ ಹಂಚಿದರು. ನನ್ನ ಹೆಸರಿನ ಮುಂದೆ 'ಕ್ರಾಫ್ಟ್' ಎಂದಿದ್ದನ್ನು ನೋಡಿ ಯಾರೋ ಪುಣ್ಯಾತ್ಮರು ನನ್ನನ್ನು ಬೆಟ್ಟದ ಮೇಲಿನ ಮನೋರೋಗಿಗಳ ಆಸ್ಪತ್ರೆಗೆ ಹಾಕಿದ್ದರು. ಅಲ್ಲಿ ಒಂದು ಶೆಡ್ಡಿನಲ್ಲಿ ರೋಗಿಗಳ ಕೈಗೆ ಜೇಡಿಮಣ್ಣು ಕೊಟ್ಟು ಕೆಲಸ ಮಾಡಿಸುತ್ತಾರೆ, ನೀವು ಆರು ವಾರ ಅಲ್ಲಿರಿ ಎಂದರು. ಬಾಗಿಲಿನ ಪಕ್ಕದ ಹಲಗೆಯ ಮೇಲೆ ರುದ್ರನ ಚೀಟಿಯಲ್ಲಿದ್ದ ಆ ಉದ್ದನೆಯ ಕಾಯಿಲೆಯ ಹೆಸರಿತ್ತು. ಅದರ ಸ್ಪೆಲ್ಲಿಂಗ್ ನನಗೆ ಬಾಯಿಪಾಠ. ಏಳು ಸಮುದ್ರ ದಾಟಿದರೂ ಗ್ರಹಚಾರ ಬಿಡಲಿಲ್ಲವಲ್ಲ ಎಂದು ಹಲ್ಲು ಕಚ್ಚಿ ಒಳಗೆ ಹೋದೆ.

ಒಳಗೆ ಹನ್ನೆರಡು ಜನ. ಬಿಳಿ ಕೋಟು ಯಾರ ಮೈಮೇಲೂ ಇಲ್ಲ. ಇವರಲ್ಲಿ ರೋಗಿ ಯಾರು, ನೋಡಿಕೊಳ್ಳುವವರು ಯಾರು? ಇಸ್ತ್ರಿಯ ಶರ್ಟು, ಟೈ, ಫಳಫಳ ಹೊಳೆಯುವ ಬೂಟು ಹಾಕಿದ್ದ ಒಬ್ಬ ದೊಡ್ಡ ಮನುಷ್ಯರನ್ನು ಆರಿಸಿಕೊಂಡು "ನಮಸ್ಕಾರ ಡಾಕ್ಟರೇ" ಅಂದೆ. ಆತ ಗಂಭೀರವಾಗಿ ಕೈ ಕುಲುಕಿದರು. ಈ ಮಣ್ಣಿನಿಂದ ಇವರಿಗೆ ಏನು ಉಪಯೋಗ ಎಂದು ಕೇಳಿದೆ. "ಕೈ ಒದ್ದೆ ಇರುವಾಗ ಒಳಗಿನವರು ಸ್ವಲ್ಪ ಮೆತ್ತಗೆ ಮಾತಾಡುತ್ತಾರೆ" ಎಂದರು. ಡಾಕ್ಟರ ಮಾತು ಎಷ್ಟು ಸರಳ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಆತನ ಹೆಸರು ಐವರ್, ಹಿಂದೆ ಕುರಿ ಸಾಕುತ್ತಿದ್ದವನು, ಹನ್ನೊಂದು ವರ್ಷದಿಂದ ಅಲ್ಲಿಯ ರೋಗಿ. ಮೂಲೆಯಲ್ಲಿ ಹರಕು ಸ್ವೆಟರ್ ಹಾಕಿಕೊಂಡು ಬಕೆಟ್ಟು ತೊಳೆಯುತ್ತಿದ್ದ ಹೆಂಗಸು ಮೇಗನ್, ಆ ಶೆಡ್ಡಿನ ಮೇಡಮ್ಮು.

ಮೇಗನ್ ನನಗೆ ಎರಡೇ ನಿಯಮ ಹೇಳಿದಳು. ಯಾರು ಏನೇ ಮಾಡಿದರೂ ಇದೇನು ಎಂದು ಕೇಳಕೂಡದು. ಯಾರನ್ನೂ ಹೇಗಿದ್ದೀಯ ಎಂದೂ ಕೇಳಕೂಡದು.

"ಮತ್ತೆ ಏನು ಕೇಳಬೇಕು?"

"ಮಣ್ಣಿನ ವಿಷಯ ಕೇಳಿ. ಒದ್ದೆ ಜಾಸ್ತಿಯಾಯಿತಾ, ಒಣಗಿತಾ, ನೀರು ಬೇಕಾ, ಅಷ್ಟೇ. ನಿದ್ದೆ ಬಂತಾ, ಮಾತ್ರೆ ತಗೊಂಡ್ಯಾ, ಕಿವಿಯಲ್ಲಿ ಮಾತು ಕೇಳಿಸ್ತಾ ಅಂತ ಬೆಳಗಿನಿಂದ ಎಲ್ಲರೂ ಅವರನ್ನು ಕೇಳುತ್ತಲೇ ಇರುತ್ತಾರೆ. ಇಲ್ಲಿರುವ ಎರಡು ಗಂಟೆಯಾದರೂ ಬೇರೆ ಏನಾದರೂ ಕೇಳೋಣ."

ಕಪಾಳಕ್ಕೆ ಹೊಡೆದ ಹಾಗಾಯಿತು. ಪ್ರತಿ ತಿಂಗಳು ಅಜ್ಜಂಪುರಕ್ಕೆ ಹೋದಾಗ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ನಾನು ಕೇಳುತ್ತಿದ್ದದ್ದು ಒಂದೇ ಮಾತು: "ಮಾತ್ರೆ ನುಂಗಿದ್ಯಾ?" ಅವನು ತಲೆಯಾಡಿಸುತ್ತಿದ್ದ. ನಾನು ಹೊರಗೆ ಬಂದು ಕಾಫಿ ಕುಡಿಯುತ್ತಿದ್ದೆ. ಎಂಟು ವರ್ಷದಲ್ಲಿ ಅದನ್ನು ಬಿಟ್ಟು ಬೇರೇನಾದರೂ ಕೇಳಿದ್ದೆನೇ ಎಂದು ಯೋಚಿಸಿದೆ, ಒಂದೂ ನೆನಪಾಗಲಿಲ್ಲ.

ಮಣ್ಣು ರೋಗ ವಾಸಿ ಮಾಡುತ್ತದೆಯೇ ಎಂದೂ ಮೇಗನ್‌ಳನ್ನು ಕೇಳಿದೆ. ಇಲ್ಲ ಎಂದಳು ಖಡಾಖಂಡಿತವಾಗಿ. ಮಾತ್ರೆಯ ಕೆಲಸ ಮಾತ್ರೆಯೇ ಮಾಡಬೇಕು. "ಆದರೆ ನೋಡಿ, ಐವರ್‌ಗೆ ಕೇಳಿಸುವುದು ಅವನೊಬ್ಬನಿಗೇ ಕೇಳಿಸುತ್ತದೆ. ಅದರಷ್ಟು ಒಂಟಿತನ ಇನ್ನೊಂದಿಲ್ಲ. ಅವನು ಮಾಡಿದ ಕುರಿ ಮಾತ್ರ ಅವನಿಗೂ ಕಾಣುತ್ತದೆ, ನನಗೂ ಕಾಣುತ್ತದೆ, ನಿಮಗೂ ಕಾಣುತ್ತದೆ" ಎಂದಳು. ಹದಿನೆಂಟು ವರ್ಷ ಕ್ರಾಫ್ಟ್ ಕಲಿಸಿದ ನನಗೆ ಕೈಕೆಲಸದ ಬಗ್ಗೆ ಇಷ್ಟು ದೊಡ್ಡ ಮಾತನ್ನು ಯಾರೂ ಹೇಳಿರಲಿಲ್ಲ.

ಆ ಶೆಡ್ಡಿನ ಕ್ರಮ ನೋಡಿ ನಾನು ಮೆಚ್ಚಿದ್ದು ಅಷ್ಟಿಷ್ಟಲ್ಲ. ಚಳಿಗೆ ಬೆರಳು ಮರಗಟ್ಟಬಾರದೆಂದು ಮಣ್ಣಿಗೆ ಹಾಕುವ ನೀರನ್ನು ಕೆಟಲಿನಲ್ಲಿ ಬೆಚ್ಚಗೆ ಮಾಡುತ್ತಿದ್ದರು. ಕಿಟಕಿಯ ಪಕ್ಕ ಕೂರುವ ಒಬ್ಬ ಮುದುಕಿ ಮಣ್ಣನ್ನು ಮುಟ್ಟುತ್ತಲೇ ಇರಲಿಲ್ಲ. ಆದರೂ ಪ್ರತಿ ದಿನ ಅವಳ ಮುಂದೆ ಹೊಸ ಮುದ್ದೆ ಇಡುತ್ತಿದ್ದರು, ಸಂಜೆ ಮಾತಿಲ್ಲದೆ ಎತ್ತಿಡುತ್ತಿದ್ದರು. ಮೂರು ವರ್ಷದಿಂದ ಹೀಗೇ ನಡೆದಿದೆ ಎಂದರು. ನನ್ನ ಕ್ಲಾಸಿನಲ್ಲಿ ಮೂರು ದಿನ ಕೈಕಟ್ಟಿ ಕೂತವನನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿಬಿಡುತ್ತಿದ್ದೆ.

ಐವರ್ ಪ್ರತಿ ದಿನ ಒಂದು ಕುರಿ ಮಾಡುತ್ತಿದ್ದ. ಎಂಥ ಕುರಿ ಎನ್ನುತ್ತೀರಿ! ಉಣ್ಣೆಯ ಭಾರ, ಬಗ್ಗಿದ ಕತ್ತು, ಮಳೆಯಲ್ಲಿ ನೆನೆದು ನಿಂತ ಮೊಂಡುತನ, ಎಲ್ಲ ಅದರಲ್ಲಿರುತ್ತಿತ್ತು. ನಾಲ್ಕು ಗಂಟೆಗೆ ಗಂಟೆ ಹೊಡೆದ ತಕ್ಷಣ ಅದನ್ನು ಎರಡೂ ಕೈಯಲ್ಲಿ ಅಮುಕಿ ಮುದ್ದೆ ಮಾಡಿ ತೊಟ್ಟಿಗೆ ಹಾಕಿ ಕೈ ತೊಳೆದು ಟೈ ಸರಿಮಾಡಿಕೊಂಡು ಹೋಗುತ್ತಿದ್ದ. ಮೊದಲ ದಿನ ನಾನು ಅಯ್ಯಯ್ಯೋ ಎಂದು ಕೂಗಿಯೇಬಿಟ್ಟೆ. ಮನೆಗೆ ಬರುವ ದಾರಿಯಲ್ಲಿ ನೆನಪಾಯಿತು, ನಾವು ಗಣಪತಿಯನ್ನು ಮಾಡಿ, ಪೂಜಿಸಿ, ಕೆರೆಗೆ ಬಿಟ್ಟು ಬರುವವರಲ್ಲವೇ? ನಮಗೆ ಅರ್ಥವಾಗದಿದ್ದರೆ ಇನ್ನಾರಿಗೆ ಅರ್ಥವಾಗಬೇಕು?

ಎರಡನೇ ವಾರ ನಾನೊಂದು ಘನಕಾರ್ಯ ಮಾಡಿದೆ. ಐವರ್‌ನ ಕುರಿಯ ಒಂದು ಕಿವಿ ಕೊಂಚ ಕೆಳಗೆ ಕೂತಿತ್ತು. ತರೀಕೆರೆಯ ಕ್ರಾಫ್ಟ್ ಮೇಷ್ಟ್ರ ಕೈ ಸುಮ್ಮನಿದ್ದೀತೇ? ತೋರುಬೆರಳಿನಿಂದ ಕಿವಿಯನ್ನು ಮೇಲೆತ್ತಿ ತಿದ್ದಿದೆ. ಐವರ್ ಕುರಿಯನ್ನು ಅಲ್ಲೇ ಬಿಟ್ಟು ಎದ್ದು ಹೋದ. ಮಾರನೇ ದಿನ ಬರಲಿಲ್ಲ, ಅದರ ಮಾರನೇ ದಿನವೂ ಬರಲಿಲ್ಲ. ಆ ಖಾಲಿ ಸ್ಟೂಲು ನೋಡಿ ನನಗೆ ಊಟ ಸೇರಲಿಲ್ಲ. ಮೇಗನ್ ಬೈಯಲಿಲ್ಲ. ಒಂದು ಮುದ್ದೆ ಮಣ್ಣು ತಂದು ನನ್ನ ಮುಂದಿಟ್ಟು, "ನೀವೂ ಏನಾದರೂ ಮಾಡಿ. ಆಗ ಬೇರೆಯವರ ಕುರಿಯ ಕಿವಿ ಕಣ್ಣಿಗೆ ಬೀಳುವುದಿಲ್ಲ" ಅಂದಳು. ಮುದ್ದೆಗೆ ಹೆಬ್ಬೆರಳು ಒತ್ತಿ ತಿರುಗಿಸುತ್ತಾ ಬಟ್ಟಲು ಮಾಡಲು ಕೂತೆ. ಬಂದದ್ದು ಸೊಟ್ಟ ಬಟ್ಟಲು. ಮೂರನೇ ದಿನ ಐವರ್ ಬಂದು ಏನೂ ನಡೆದೇ ಇಲ್ಲವೆಂಬಂತೆ ಪಕ್ಕದಲ್ಲಿ ಕೂತ.

ನೀಲಿ ಕಾಗದ

ಆ ದಿನವೇ ಊರಿಗೆ ಕಾಗದ ಬರೆದೆ. ಅಂಚೆಯ ನೀಲಿ ಏರೋಗ್ರಾಮು. ಮಡಿಸಿ ಅಂಟಿಸಿದರೆ ಅದೇ ಲಕೋಟೆ. ಒಳಗೆಲ್ಲ ಶೆಡ್ಡಿನ ವರ್ಣನೆ ಬರೆದೆ. ರುದ್ರನಂಥವರೇ ಇಲ್ಲಿದ್ದಾರೆ, ಕುಂಬಾರರ ಮಣ್ಣನ್ನು ಕೈಗೆ ಕೊಡುತ್ತಾರೆ, ಮನಸ್ಸಿಗೆ ಎಷ್ಟೋ ಹಗುರ, ಮಾತ್ರೆ ಮಾತ್ರ ಬಿಡಕೂಡದು, ನಮ್ಮ ರುದ್ರನಿಗೂ ಹೀಗೆ ಮಾಡಿ ನೋಡೋಣ ಎಂದೆಲ್ಲ ಬರೆಯುವಷ್ಟರಲ್ಲಿ ಜಾಗ ಮುಗಿಯಿತು. ಮುಖ್ಯವಾದದ್ದು ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳಲಿ ಎಂದು, ಬಿಚ್ಚಿದ ಕೂಡಲೇ ಕಾಣುವ ಮಡಿಕೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ:

'ರುದ್ರನಿಗೆ ಮಣ್ಣು ಕೊಡಿ. ತಡ ಮಾಡಬೇಡಿ. ನಾನು ಬರುವವರೆಗೆ ಕಾಯಬೇಡಿ. ಜನ ಏನೆಂದರೂ ತಲೆಗೆ ಹಚ್ಚಿಕೊಳ್ಳಬೇಡಿ.'

ಬರೆದು, ಅಂಟಿಸಿ, ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ ಡಬ್ಬಿಗೆ ಹಾಕಿ ಬಂದೆ.

ಟೆಲಿಗ್ರಾಂ

ಎರಡು ವಾರವಾಗಿರಬೇಕು. ಗ್ವೆನ್ ಮನೆಯ ಬಾಗಿಲಲ್ಲಿ ಟೆಲಿಗ್ರಾಂ ಹಿಡಿದವನೊಬ್ಬ ನಿಂತಿದ್ದ. ಟೆಲಿಗ್ರಾಂ ಎಂದರೆ ನಮ್ಮ ಕಡೆ ಏನರ್ಥ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅದನ್ನು ಬಿಡಿಸದೆ ಕೈಯಲ್ಲೇ ಹಿಡಿದು ನಿಂತೆ. ಅವ್ವನಿಗೆ ಎಪ್ಪತ್ತು ದಾಟಿತ್ತು, ನ್ಯಾಯವಾಗಿ ಅವಳ ನೆನಪಾಗಬೇಕಿತ್ತು. ನನಗೆ ನೆನಪಾದವನು ರುದ್ರ.

ರುದ್ರ ಹೋದ ಎಂದುಕೊಂಡೆ. ಅಂದುಕೊಂಡ ಆ ಕ್ಷಣದಲ್ಲಿ ಬೆನ್ನ ಮೇಲಿನ ಕೊಬ್ಬರಿ ಮೂಟೆಯನ್ನು ಯಾರೋ ಇಳಿಸಿಕೊಂಡ ಹಾಗೆ ಹಗುರವಾಯಿತು.

ಇದನ್ನು ಬರೆಯಬಾರದೆಂದು ತುಂಬ ಸಲ ಅಂದುಕೊಂಡಿದ್ದೇನೆ. ಆದರೆ ಇದನ್ನು ಬಿಟ್ಟು ಉಳಿದದ್ದನ್ನು ಬರೆದರೆ ಅದು ಸುಳ್ಳಾಗುತ್ತದೆ. ಹಗುರವಾಯಿತು, ಅದರ ಹಿಂದೆಯೇ ಮೈಯೆಲ್ಲ ಬೆವರಿತು. ಅವನು ಮೂರನೇ ಕ್ಲಾಸಿನಲ್ಲಿದ್ದಾಗ ನನ್ನ ಸೈಕಲ್ಲಿನ ಹಿಂದೆ ಕೂತು ಬೆನ್ನಿಗೆ ಕೆನ್ನೆಯಿಟ್ಟು ನಿದ್ದೆ ಮಾಡುತ್ತಿದ್ದದ್ದು ನೆನಪಾಗಿ ಕಣ್ಣು ಕತ್ತಲಿಟ್ಟಿತು. ಗ್ವೆನ್ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಟೆಲಿಗ್ರಾಂ ತಾನೇ ಬಿಡಿಸಿ ಓದಿದಳು.

"ರುದ್ರ ಅಲೈವ್. ಈಟಿಂಗ್ ವೆಲ್. ಹೂ ಸೆಡ್ ಡೆಡ್."

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಯಾರು ಸತ್ತನೆಂದವರು? ಏನಿದು? ಎರಡು ಸಲ ಕೇಳಿಸಿಕೊಂಡೆ, ಮೂರನೇ ಸಲ ನಾನೇ ಓದಿದೆ. ಆಗ ನಾನು ದಪ್ಪ ಅಕ್ಷರದಲ್ಲಿ ಬರೆದ ನಾಲ್ಕು ಮಾತು ಒಂದೊಂದಾಗಿ ಕಣ್ಣ ಮುಂದೆ ಬಂದವು. ರುದ್ರನಿಗೆ ಮಣ್ಣು ಕೊಡಿ. ನಾನು ಬರುವವರೆಗೆ ಕಾಯಬೇಡಿ. ಅಯ್ಯೋ ಶಿವನೇ! ಸತ್ತವರನ್ನು ಹೂಳುವ ಜನ ನಾವು. ಸಾವಿನ ಮನೆಗೆ ಹೋಗುವುದಕ್ಕೆ 'ಮಣ್ಣಿಗೆ ಹೋಗಿದ್ದೆ' ಎನ್ನುವ ಜನ. ಆ ಮನೆಗೆ ನಾನು ಎಂಥ ಕಾಗದ ಬರೆದಿದ್ದೆ!

ನಗು ಬಂತು, ನಿಲ್ಲಿಸಲಾಗದಷ್ಟು ಬಂತು. ನಗುತ್ತಾ ನಗುತ್ತಾ ಅತ್ತುಬಿಟ್ಟೆ.

"ರುದ್ರ ಯಾರು?" ಎಂದು ಕೇಳಿದಳು ಗ್ವೆನ್.

"ನನ್ನ ತಮ್ಮ."

"ಒಡಹುಟ್ಟಿದವರು ಯಾರೂ ಇಲ್ಲ ಅಂತ ಕ್ಲಬ್ಬಿನವರು ಹೇಳಿದ್ದರು."

ಆಗ ಎಲ್ಲ ಹೇಳಿದೆ. ಹಿಂದಿನ ಕೋಣೆ, ಗದ್ದಿಗೆ, ದೊಡ್ಡಪ್ಪನಿಗೆ ಕೊಟ್ಟ ಮಾತು, ಈಗಷ್ಟೇ ಆದ ಹಗುರ, ಅದನ್ನೂ ಹೇಳಿದೆ. ಆಕೆ ಟೀ ಮಾಡಿಕೊಂಡು ಬಂದು ಎದುರಿಗೆ ಕೂತಳು. "ನನ್ನ ಚಿಕ್ಕಮ್ಮ ಬೆಟ್ಟದ ಮೇಲಿನ ಆ ಆಸ್ಪತ್ರೆಯಲ್ಲೇ ಇದ್ದಳು, ಸಾಯುವ ತನಕ" ಎಂದಳು. "ಇಲ್ಲಿಂದ ಒಂದು ಮೈಲಿ. ಯಾರಾದರೂ ಕೇಳಿದರೆ ಲಿವರ್‌ಪೂಲಿನಲ್ಲಿ ಕೆಲಸಕ್ಕಿದ್ದಾಳೆ ಅನ್ನುತ್ತಿದ್ದೆವು. ಒಂದು ಸಲವೂ ನೋಡಲು ಹೋಗಲಿಲ್ಲ." ಇಬ್ಬರೂ ಟೀ ಕುಡಿದೆವು. ನಮ್ಮ ಊರು ಅವರ ಊರು ಎಂಬ ಹೋಲಿಕೆಯನ್ನು ಆವತ್ತಿನಿಂದ ಕಡಿಮೆ ಮಾಡಿದೆ.

ಶೆಡ್ಡಿನಲ್ಲಿ ಕೊನೆಯ ದಿನ

ನನ್ನ ಬಟ್ಟಲು ಅಷ್ಟು ದಿನ ತಿದ್ದಿದರೂ ಸೊಟ್ಟಗೇ ಇತ್ತು. ಕೊನೆಯ ದಿನ ಐವರ್ ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಅನುಮತಿ ಕೇಳುವಂತೆ ಮುಖ ನೋಡಿ, ತನ್ನ ದಪ್ಪ ಹೆಬ್ಬೆರಳನ್ನು ಅಂಚಿನ ಹತ್ತಿರ ಒತ್ತಿದ. ಬಟ್ಟಲು ನೆಟ್ಟಗೆ ಕೂತಿತು. ಕೇಳಿ ಮುಟ್ಟುವುದು ಹೇಗೆಂದು ಕುರಿ ಸಾಕುವವನೊಬ್ಬ ಮೇಷ್ಟ್ರಿಗೆ ಕಲಿಸಿದ. "ಒದ್ದೆ ಜಾಸ್ತಿ" ಎಂದಷ್ಟೇ ಹೇಳಿ ತನ್ನ ಕುರಿಯ ಕಡೆ ತಿರುಗಿದ.

ಗೂಡಿನಲ್ಲಿ ಸುಡಲು ಸಮಯವಿರಲಿಲ್ಲ. ಹಸಿ ಬಟ್ಟಲನ್ನೇ ಒಣಗಿಸಿ, ಟವೆಲಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟುಕೊಂಡೆ. ಹೊರಡುವಾಗ ಎಲ್ಲರಿಗೂ ಕೈ ಮುಗಿದೆ. ಕಿಟಕಿಯ ಪಕ್ಕದ ಮುದುಕಿಯ ಮುಂದೆ ಆವತ್ತೂ ಹೊಸ ಮುದ್ದೆ ಇತ್ತು.

ಅಜ್ಜಂಪುರ

ದೀಪಾವಳಿಗೆ ಮೂರು ದಿನವಿದೆ ಎನ್ನುವಾಗ ಅಜ್ಜಂಪುರದ ಮನೆಯ ಜಗಲಿ ಹತ್ತಿದೆ. ನೀರು ಕೊಡುವ ಮೊದಲೇ ಅವ್ವ ನನ್ನ ತಲೆಯ ಮೇಲೆ ಮೊಟಕಿದಳು.

"ಏನಂತ ಬರೆದ್ಯೋ ಮಾರಾಯ! ಅಂಚೆ ಹಾಲಪ್ಪ ಜಗಲಿ ಮ್ಯಾಲೆ ನಿಂತ್ಕಂಡು ಗಟ್ಟಿಯಾಗಿ ಓದಿಬಿಟ್ಟ. ಜೀವ ಇರೋ ಮಗನಿಗೆ ಮಣ್ಣು ಕೊಡು ಅಂತಾನಲ್ಲಪ್ಪಾ ಇವನು ಅಂತ ನಾನು ಬಾಯಿ ಬಡ್ಕಂಡೆ. ನಿಮ್ಮ ದೊಡ್ಡಪ್ಪ, ಯಾರೋ ಸುಳ್ ಸುದ್ದಿ ಮುಟ್ಟಿಸವ್ರೆ ಅಂತ ಟೆಲಿಗ್ರಾಂ ಕೊಡೋಕೆ ಓಡಿದ್ರು. ಅಕ್ಕಪಕ್ಕದೋರೆಲ್ಲ ಬಂದ್ರು. ಕಾಗದ ಪೂರ್ತಿ ಓದೋರೇ ದಿಕ್ಕಿಲ್ಲ!"

"ಆಮೇಲೆ?"

"ಆಮೇಲೇನು, ರುದ್ರ ಎದ್ದು ಬಂದ ಕಣೋ. ಹಿಂದ್ಲ ಕೋಣೆಯಿಂದ ಎದ್ದು, ಅಷ್ಟು ಜನರ ಮಧ್ಯಕ್ಕೆ ಬಂದ. ಹಾಲಪ್ಪನ ಕೈಯಿಂದ ಕಾಗದ ಇಸ್ಕಂಡು, 'ಪೂರ್ತಿ ಕೇಳ್ರಿ ಮೊದ್ಲು' ಅಂದು ಮೊದ್ಲಿಂದ ಕೊನೇ ತಂಕ ಓದಿದ. ಓದಿ, 'ಅಣ್ಣ ಹೇಳಿರೋದು ಕುಂಬಾರ್ರ ಮಣ್ಣು ಕಣವ್ವಾ. ಹೂಳೋ ಮಣ್ಣಲ್ಲ' ಅಂದು ನಕ್ಕ. ಎಷ್ಟು ವರ್ಷ ಆಗಿತ್ತೋ ಅವನು ನಕ್ಕು!"

ಯಾರಿಗೂ ಕೇಳದ್ದನ್ನು ಹಗಲೂ ರಾತ್ರಿ ಕೇಳಿಸಿಕೊಳ್ಳುವವನೂ ರುದ್ರನೇ, ಅಷ್ಟು ಜನರಲ್ಲಿ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡವನೂ ಅವನೊಬ್ಬನೇ. ನಾನು ಕಂಬಕ್ಕೆ ಒರಗಿ ಕೂತೆ.

ಕಾಗದ ಬಂದ ಮಾರನೇ ದಿನ ಅವ್ವನೇ ಅವನನ್ನು ಕುಂಬಾರರ ಬೀದಿಗೆ ಕರೆದುಕೊಂಡು ಹೋಗಿದ್ದಳಂತೆ. ಕುಂಬಾರರ ಸಣ್ಣಮ್ಮ ಹಬ್ಬದ ಹಣತೆಗೆ ಮಣ್ಣು ಹದ ಮಾಡುತ್ತಿದ್ದಳು. ಅವಳು ಕಾಗದ ಓದಿದವಳಲ್ಲ, ಮೇಗನ್ ಹೇಳಿದ ನಿಯಮ ಗೊತ್ತಿದ್ದವಳೂ ಅಲ್ಲ. ರುದ್ರನನ್ನು ನೋಡಿ "ತುಳಿಯಾಕೆ ಬತ್ತೀಯೇನಪ್ಪಾ?" ಎಂದಷ್ಟೇ ಕೇಳಿದಳಂತೆ. ಅವನು ಪಂಚೆ ಎತ್ತಿ ಕಟ್ಟಿ ಇಳಿದ. ಅವತ್ತಿನಿಂದ ಬೆಳಿಗ್ಗೆ ಅವಳ ಅಂಗಳ, ಮಧ್ಯಾಹ್ನ ನಮ್ಮ ಹಿತ್ತಲು. ಎರಡು ದಿನ ಹೋಗುತ್ತಾನೆ, ಮೂರು ದಿನ ಹೋಗುವುದಿಲ್ಲ. ಹೋಗದ ದಿನ ಗೋಡೆಯ ಕಡೆ ತಿರುಗಿ ಮಲಗಿರುತ್ತಾನೆ ಎಂದಳು ಅವ್ವ. ಅದನ್ನೂ ಮುಚ್ಚಿಡಲಿಲ್ಲ.

ದೊಡ್ಡಪ್ಪ ಮಂಡಿಯಿಂದ ಬಂದರು. ಲಂಡನ್ನು ಹೆಂಗಿತ್ತು ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಸಲು ಮಾತಿಗೆ ಬಂದರು. "ಹಬ್ಬ ಮುಗಿದ ಮಾರನೇ ದಿನ ಬೆಳಗ್ಗೆ ಬಸ್ಸಿದೆ. ವ್ಯಾಪಾರಸ್ಥರ ಮನೆ ಮಗ ಕುಂಬಾರ್ರ ಅಂಗಳದಾಗೆ ಮಣ್ಣು ತುಳೀತಾನೆ ಅಂತ ಜನ ಆಡ್ಕಂತಾವ್ರೆ."

"ದೊಡ್ಡಪ್ಪ, ನಾನು ಬರಲ್ಲ. ಅವನೂ ಬರಲ್ಲ" ಅಂದೆ. ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು.

"ಮಾತು ಕೊಟ್ಟಿದ್ಯಲ್ಲೋ."

"ತಪ್ಪು ಮಾತು ಕೊಟ್ಟಿದ್ದೆ. ಅವನ್ನ ಕಳಕೊಂಡ್ರೆ ಸಾಕು ಅನ್ನೋ ಮನಸ್ಸಿತ್ತು ನಂಗೆ. ಈಗ ಇಲ್ಲ."

"ರೇಗಾಡಿದ್ರೆ ಯಾರು ನೋಡ್ಕಂತಾರೆ? ನೀನು ತರೀಕೆರೇಲಿ ಕೂತಿರ್ತೀಯ."

"ಇನ್ಮೇಲೆ ಪ್ರತಿ ಶನಿವಾರ ಸ್ಕೂಲು ಮುಗಿಸ್ಕೊಂಡು ಬತ್ತೀನಿ, ಸೋಮವಾರ ಮೊದಲನೇ ಬಸ್ಸಿಗೆ ಹೋಗ್ತೀನಿ. ಬೆಂಗಳೂರು ಆಸ್ಪತ್ರೆಗೂ ನಾನೇ ಕರ್ಕೊಂಡು ಹೋಗ್ತೀನಿ. ಜನ ಕೇಳಿದ್ರೆ, ನಮ್ಮನೆ ಹುಡುಗ ಕಣ್ರೀ, ಅವನಿಗೆ ಹುಷಾರಿಲ್ಲ, ಮಣ್ಣಿನ ಕೆಲಸ ಕಲೀತಿದಾನೆ ಅಂತ ಹೇಳ್ರಿ. ಹೇಳೋಕೆ ನಾಚಿಕೆ ಆದ್ರೆ ನನ್ನ ಹತ್ರ ಕಳಿಸ್ರಿ."

ದೊಡ್ಡಪ್ಪ ಮೇಲುಹೊದಿಕೆಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡರು. "ಒಂದು ವರ್ಷ ನೋಡ್ತೀನಿ" ಎಂದು ಎದ್ದು ಹೋದರು. ನನಗೆ ಅಷ್ಟೇ ಸಾಕಾಗಿತ್ತು.

ಪೆಟ್ಟಿಗೆ ಬಿಚ್ಚಿ ಟವೆಲು ತೆಗೆದೆ. ಒಳಗೆ ಬಟ್ಟಲೂ ಇರಲಿಲ್ಲ, ಐವರ್‌ನ ಹೆಬ್ಬೆರಳ ಗುರುತೂ ಇರಲಿಲ್ಲ. ಚೂರು ಮತ್ತು ಪುಡಿ ಇತ್ತು. ಅವ್ವ ಬಗ್ಗಿ ನೋಡಿ, "ಮಣ್ಣು ತರೋಕೆ ಅಷ್ಟು ದೂರ ಹೋಗಿದ್ಯೇನೋ?" ಅಂದಳು. ಟವೆಲನ್ನು ಹಾಗೇ ಹಿಡಿದುಕೊಂಡು ಹಿತ್ತಲಿಗೆ ಹೋದೆ.

ರುದ್ರ ನುಗ್ಗೆಮರದ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ. ಪಕ್ಕದ ಹಲಗೆಯ ಮೇಲೆ ಸೊಟ್ಟಪಟ್ಟ ಹಣತೆಗಳು ಒಣಗುತ್ತಿದ್ದವು. ಮುದ್ದೆಗೆ ಹೆಬ್ಬೆರಳು ಒತ್ತಿ ತಿರುಗಿಸುತ್ತಿದ್ದ, ನಾನು ಶೆಡ್ಡಿನಲ್ಲಿ ಕಲಿತ ಹಾಗೆಯೇ. ಮೀಸೆಯಲ್ಲಿ ಮಣ್ಣು ಅಂಟಿತ್ತು. ದಾರಿಯುದ್ದಕ್ಕೂ ನಾನು ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದೆ. ಎದುರು ನಿಂತಾಗ ಎಂಟು ವರ್ಷದ ಚಾಳಿ, ಬಾಯಿ ತಾನಾಗಿ ತೆರೆಯಿತು.

"ಮಾತ್ರೆ ನುಂಗಿದ್ಯಾ?"

ರುದ್ರ ತಲೆಯೆತ್ತಿ ನನ್ನನ್ನು ನೋಡಿದ.

"ನುಂಗಿದೀನಿ. ಬೇರೆ ಏನಾದ್ರೂ ಕೇಳು."

ಅವನ ಎದುರಿಗೆ ಕೂತು ಟವೆಲು ಬಿಚ್ಚಿ ತೋರಿಸಿದೆ. "ಬಟ್ಟಲು ಮಾಡಿದ್ದೆ ಕಣೋ. ದಾರೀಲಿ ಪುಡಿಯಾಗೋಯ್ತು."

ಅವನು ಒಂದು ಚೂರನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದ. "ಸುಟ್ಟಿರ್ಲಿಲ್ವಾ?"

"ಇಲ್ಲ."

"ಹಂಗಾರೆ ಏನೂ ಹಾಳಾಗಿಲ್ಲ ಬಿಡಣ್ಣ. ನೀರು ಬಿದ್ರೆ ಮತ್ತೆ ಮಣ್ಣಾಯ್ತದೆ." ಪುಡಿಯನ್ನೆಲ್ಲ ಕೊಡವಿ ತನ್ನ ಮುದ್ದೆಯ ಪಕ್ಕ ಗುಡ್ಡೆ ಹಾಕಿ, ನಡುವೆ ಬೆರಳಲ್ಲಿ ಗುಳಿ ಮಾಡಿದ.

ನಾನು ಎದ್ದು ಚೊಂಬು ತೆಗೆದುಕೊಂಡೆ.

"ಎಷ್ಟು ನೀರು ಬೇಕೋ?" ಎಂದು ಕೇಳಿದೆ. ಎಂಟು ವರ್ಷದಲ್ಲಿ ನಾನು ಅವನನ್ನು ಕೇಳಿದ ಎರಡನೆಯ ಪ್ರಶ್ನೆ ಅದು.